ಬ್ರಷ್ಷಿನ ಹಿಡಿಯೂ ಫೋರ್‌ಮನ್ನನ ಹಲ್ಲೂ

ನಮ್ಮ ಮನೆಗೆ ಬಂದ ನೆಂಟರು ಕೈಕಾಲು ತೊಳೆಯಲು ಬಚ್ಚಲಿಗೆ ಹೋಗಿ ಬಂದರೆಂದರೆ, ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಪ್ರಶ್ನೆಯನ್ನು ಬಾಯಲ್ಲೇ ಹೊರಳಾಡಿಸುವುದು ನನಗೆ ಗೊತ್ತಾಗಿಬಿಡುತ್ತದೆ. ಸಂಕೋಚದವರು ಅದನ್ನು ಕಾಫಿಯ ಜೊತೆಗೆ ನುಂಗುತ್ತಾರೆ. ಸಲಿಗೆಯವರು ಮಾತ್ರ ಕೇಳಿಯೇ ಕೇಳುತ್ತಾರೆ: "ನಿಮ್ಮ ಫ್ಲ್ಯಾಟಿನಲ್ಲಿ ಇಲಿ ಕಾಟವೇ?" ಹೈದರಾಬಾದಿನ ಮಿಯಾಪುರದಲ್ಲಿ ಈ ಎತ್ತರಕ್ಕೆ ಲಿಫ್ಟ್ ಹತ್ತಿ ಬರುವಷ್ಟು ಉಮೇದು ಇಲಿಗೆ ಎಲ್ಲಿಂದ ಬರಬೇಕು, ನೀವೇ ಹೇಳಿ! ಅವರು ನೋಡಿದ್ದು ಕನ್ನಡಿಯ ಕೆಳಗಿನ ಗೂಡಿನಲ್ಲಿ ನಿಂತಿರುವ ನನ್ನ ಶೇವಿಂಗ್ ಬ್ರಷ್ಷನ್ನು. ಕೆಂಪು ಅರಗು ಬಳಿದ ಮರದ ಹಿಡಿ, ಹಿಡಿಯ ಮೇಲೆಲ್ಲ ಹಲ್ಲಿನ ಗುರುತು.

ಇಂಥದ್ದನ್ನು ಯಾಕೆ ಇಟ್ಟುಕೊಂಡಿದ್ದೀರಿ, ಹೊಸದು ತೆಗೆದುಕೊಳ್ಳಬಾರದೇ ಎನ್ನುತ್ತೀರೇನೋ. ನನ್ನ ಆಫೀಸಿನ ಹುಡುಗರೂ ಹಾಗೇ ಅನ್ನುತ್ತಾರೆ. ಅವರ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರಲ್ಲಿ ಅರ್ಧ ಜನಕ್ಕೆ ಗಡ್ಡವೇ ಅಲಂಕಾರ. ಉಳಿದವರು ಡಬ್ಬಿಯ ತಲೆ ಒತ್ತಿ, ಬುಸ್ಸೆಂದು ಬಂದ ನೊರೆಯನ್ನು ಕೆನ್ನೆಗೆ ಮೆತ್ತಿ, ಹಲ್ಲುಜ್ಜುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಸಿಬಿಡುತ್ತಾರೆ. ಅದನ್ನೂ ಶೇವಿಂಗ್ ಅನ್ನುವುದಾದರೆ ನನ್ನ ಅಪ್ಪ ಮಾಡಿಕೊಳ್ಳುತ್ತಿದ್ದುದಕ್ಕೆ ಬೇರೆ ಹೆಸರು ಹುಡುಕಬೇಕು.

ಮೈಸೂರಿನ ನಮ್ಮ ವಠಾರದ ಮನೆಯಲ್ಲಿ ಅಪ್ಪನ ಶೇವಿಂಗ್ ಎಂದರೆ ಹೆಚ್ಚುಕಡಿಮೆ ಪೂಜೆಯೇ. ಕಿಟಕಿಯ ಸರಳಿಗೆ ಕನ್ನಡಿ ತಗುಲಿಸಬೇಕು. ಅಲ್ಯೂಮಿನಿಯಂ ಬಟ್ಟಲಲ್ಲಿ ಅಮ್ಮ ಬಿಸಿನೀರು ತಂದಿಡಬೇಕು. ಹಳೆಯ ಪೇಪರನ್ನು ಅಂಗೈಯಗಲ ಹರಿದು ಜೋಡಿಸುವುದು ನನ್ನ ಕೆಲಸ. ರೇಜರಿನ ನೊರೆ ಒರೆಸಲು ಅದು ಬೇಕು. ಆಮೇಲೆ ಅಪ್ಪ ಆ ಕೆಂಪು ಹಿಡಿಯ ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಸೋಪಿನ ಮೇಲೆ ಗಿರಗಿರನೆ ತಿರುಗಿಸಿ, ನೊರೆ ಎಬ್ಬಿಸಿ, ಮೊದಲ ಚಿಟಿಕೆಯನ್ನು ನನ್ನ ಮೂಗಿನ ತುದಿಗಿಟ್ಟು, ಆಮೇಲೆ ತಮ್ಮ ಮುಖಕ್ಕೆ ಬಳಿದುಕೊಳ್ಳುತ್ತಿದ್ದರು. ಆ ನೊರೆ ಒಣಗುವವರೆಗೂ ನಾನು ವಠಾರದ ತುಂಬ ಓಡಾಡಿ ಎಲ್ಲರಿಗೂ ಮೂಗು ತೋರಿಸಿ ಬರುತ್ತಿದ್ದೆ. ಮುಂದೆ ಏನಾಗುತ್ತೀಯೋ ಎಂದು ಯಾರಾದರೂ ಕೇಳಿದರೆ, "ಗಡ್ಡದವನು ಆಗ್ತೀನಿ" ಎನ್ನುತ್ತಿದ್ದೆನಂತೆ. ಕೊನೆಗೆ ಸಾಫ್ಟ್‌ವೇರಿನವನಾದೆ, ಏನು ಮಾಡುವುದು.

ಆ ಹಿಡಿಯನ್ನು ಅಪ್ಪ ಚನ್ನಪಟ್ಟಣದಲ್ಲಿ ಹೇಳಿ ಮಾಡಿಸಿದ್ದು. ಬೊಂಬೆ ಮಾಡುವವರೊಬ್ಬರು ಹಾಲೆ ಮರವನ್ನು ಚಕ್ರಕ್ಕೆ ಕೊಟ್ಟು ಕಡೆದು, ಅರಗಿನ ಕೆಂಪು ಹಚ್ಚಿ ಕೊಟ್ಟಿದ್ದರಂತೆ. ಬ್ರಷ್ಷಿನ ಕೂದಲು ಉದುರಿದಾಗಲೆಲ್ಲ ಅಪ್ಪ ಅಂಗಡಿಯಿಂದ ಇನ್ನೊಂದು ಬ್ರಷ್ ತಂದು, ಅದರ ತಲೆ ಕಿತ್ತು ಇದಕ್ಕೆ ಕೂರಿಸುತ್ತಿದ್ದರು. ತಮ್ಮ ತಲೆಯ ಕೂದಲು ಉದುರಿದಾಗ ಮಾತ್ರ ಆ ಉಪಾಯ ನಡೆಯಲಿಲ್ಲ.

ನನ್ನ ಮದುವೆಯಾಗಿ ಹೈದರಾಬಾದಿಗೆ ಹೊರಟಾಗ ಅಪ್ಪ ಈ ಬ್ರಷ್ಷನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಪೆಟ್ಟಿಗೆಯ ಮೂಲೆಗೆ ತೂರಿಸಿದರು. "ಇನ್ಮೇಲೆ ನೀನೇ ಇಟ್ಕೋ" ಎಂದರು. ಅಪ್ಪ ಅಂಚೆ ಕಚೇರಿಯಲ್ಲಿ ಇದ್ದವರು. ತಂತಿಯ ಭಾಷೆ ರೂಢಿಯಾಗಿದ್ದರಿಂದಲೋ ಏನೋ, ಯಾವ ದೊಡ್ಡ ವಿಷಯವನ್ನೂ ಅವರು ಮೂರು ನಾಲ್ಕು ಮಾತಿಗಿಂತ ಹೆಚ್ಚು ಬೆಳೆಸುವವರಲ್ಲ.

ಆಗ ಹೈದರಾಬಾದಿನಲ್ಲಿ ಬೆಳಗಾದರೆ ಒಂದು ಗಾಜಿನ ಕಟ್ಟಡ ಎದ್ದಿರುತ್ತಿದ್ದ ಕಾಲ. ಸಿ ಪ್ಲಸ್ ಪ್ಲಸ್ ಬರುತ್ತದೆ ಎಂದರೆ ಹೆಣ್ಣು ಕೊಡುತ್ತಿದ್ದರು. ಜಾವಾ ಬರುತ್ತದೆ ಎಂದರೆ ಜಾತಕವನ್ನೂ ಕೇಳುತ್ತಿರಲಿಲ್ಲ. ಮಿಯಾಪುರದಲ್ಲಿ ಫ್ಲ್ಯಾಟು ಗೊತ್ತು ಮಾಡಿದ್ದೆ. ಅಲ್ಲಿಗಿನ್ನೂ ಮೆಟ್ರೊ ಬಂದಿರಲಿಲ್ಲ, ನಮ್ಮ ಫ್ಲ್ಯಾಟಿಗೆ ಗೋಡೆಯೂ ಬಂದಿರಲಿಲ್ಲ. ಕೇಳಿದಾಗಲೆಲ್ಲ ಬಿಲ್ಡರ್ "ಅಯಿಪೋಯಿಂದಿ ಸಾರ್, ಅಯಿಪೋಯಿಂದಿ" ಎನ್ನುತ್ತಿದ್ದ, ಮುಗಿದೇಹೋಯಿತು ಅಂತ. ಹೀಗಾಗಿ ಮದುವೆಯಾದ ಹೊಸದರಲ್ಲಿ ನಾನೂ ನನ್ನ ಹೆಂಡತಿ ಸವಿತಾಳೂ ಸನತ್‌ನಗರದಲ್ಲಿ ಅವಳ ತವರಿನಲ್ಲೇ, ಮಹಡಿಯ ಕೋಣೆಯಲ್ಲಿದ್ದೆವು. ಅಂದರೆ ನಾನು ಮನೆ ಅಳಿಯ. ಅಳಿಯ ಅಲ್ಲ ಮಗಳ ಗಂಡ ಎಂದು ನೀವು ತಿದ್ದಿದರೂ ಪರಿಸ್ಥಿತಿ ಬದಲಾಗುವುದಿಲ್ಲ.

ನನ್ನ ಅತ್ತೆ ಮಾವ ಲಿಂಗಸುಗೂರಿನ ಕಡೆಯವರು. ಮಾವ ಬಾಲಾನಗರದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗದಲ್ಲಿದ್ದು ನಿವೃತ್ತರಾಗಿದ್ದರು. ತಯಾರಾಗಿ ಬಂದ ಬಿಡಿಭಾಗದ ಮೇಲೆ ಹೆಬ್ಬೆರಳ ಉಗುರು ಆಡಿಸುವುದು ಅವರ ಕೆಲಸದ ರೀತಿ. ಉಗುರು ಸರಾಗ ಹೋದರೆ ಪಾಸು, ಎಲ್ಲಾದರೂ ತಡೆದರೆ ರಿಜೆಕ್ಟ್. ನಿವೃತ್ತಿಯಾದರೂ ಉಗುರಿಗೆ ಅದು ತಿಳಿದಿರಲಿಲ್ಲ. ಹೊಸ ಸ್ಟೀಲು ಲೋಟ ಬಂದರೆ ಉಗುರು, ಬಾಗಿಲಿಗೆ ಬಣ್ಣ ಹೊಡೆಸಿದರೆ ಉಗುರು, ಅತ್ತೆ ತಟ್ಟಿದ ಜೋಳದ ರೊಟ್ಟಿಯ ಅಂಚಿಗೂ ಉಗುರು. "ರೊಟ್ಟಿ ತಿನ್ರಿ, ಚೆಕ್ ಮಾಡಬ್ಯಾಡ್ರಿ" ಎಂದು ಅತ್ತೆ ಗದರಿಸುತ್ತಿದ್ದರು. ಹೆಣ್ಣು ನೋಡಲು ಹೋದ ದಿನ ಮಾವ ನನ್ನ ಭುಜ ಸವರಿದ್ದನ್ನು ಪ್ರೀತಿ ಎಂದು ತಿಳಿದಿದ್ದೆ. ಆಮೇಲೆ ಅನುಮಾನ ಬಂತು.

ಈ ಮಾವನ ಪ್ರಾಣ ಒಂದು ಪೊಮೇರಿಯನ್ ನಾಯಿಯಲ್ಲಿತ್ತು. ಬೆಳ್ಳಗೆ, ಹತ್ತಿಯ ಮೂಟೆಗೆ ಕಣ್ಣಿಟ್ಟಂತೆ. ಅದರ ಹೆಸರು ಫೋರ್‌ಮನ್. ಯಾಕೆ ಈ ಹೆಸರು ಎಂದು ಕೇಳಿದ್ದಕ್ಕೆ ಮಾವ, "ನೌಕರಿ ಇದ್ದಷ್ಟು ದಿನ ಫೋರ್‌ಮನ್ ನನಗ ಕುಂದ್ರು ಅಂದ, ಏಳು ಅಂದ. ಈಗ ನೋಡ್ರಿ" ಎಂದವರೇ ನಾಯಿಯ ಕಡೆ ತಿರುಗಿ, "ಫೋರ್‌ಮನ್, ಕುಂದ್ರು!" ಎಂದರು. ಅದು ಕೂತಿತು. ಮಾವನ ಮುಖದಲ್ಲಿ ಮೂಡಿದ ತೃಪ್ತಿಯನ್ನು ನೀವು ನೋಡಬೇಕಿತ್ತು. ಬೆಳಿಗ್ಗೆ ವಾಕಿಂಗಿಗೆ ಅದು, ಸಂಜೆ ಸ್ಕೂಟರಿನ ಮುಂದೆ ನಿಲ್ಲುವುದು ಅದು, ಮಧ್ಯಾಹ್ನ ಮಾವ ಮಲಗಿದರೆ ಅವರ ಹೊಟ್ಟೆಯ ಮೇಲೆ ಗದ್ದ ಇಟ್ಟು ಮಲಗುವುದೂ ಅದೇ.

ಆ ಫೋರ್‌ಮನ್, ಒಂದು ಬೆಳಿಗ್ಗೆ, ಅಂಗಳದ ನಲ್ಲಿಯ ಕಟ್ಟೆಯ ಮೇಲೆ ಒಣಗಲಿಟ್ಟಿದ್ದ ನನ್ನ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು ತುಳಸಿಕಟ್ಟೆಯ ಹಿಂದೆ ಕೂತು ಸಾವಕಾಶವಾಗಿ ಅಗಿಯಿತು. ಸೋಪಿನ ರುಚಿ ಹಿಡಿಸಿರಬೇಕು. ಮೊದಲು ನೋಡಿದವರು ಅತ್ತೆ. ಅವರು ಹಾಕಿದ ಕೂಗಿಗೆ ನಾನು ಅರ್ಧ ಇಸ್ತ್ರಿಯಾದ ಅಂಗಿಯಲ್ಲೇ ಕೆಳಗೆ ಓಡಿ ಬಂದೆ. ಕೂದಲಿಗೆ ಏನೂ ಆಗಿರಲಿಲ್ಲ. ಹಿಡಿ ಮಾತ್ರ ನಡುವಿನಲ್ಲಿ ತೂತು ತೂತು, ಒಂದು ಕಡೆ ಅರಗು ಎದ್ದು ಬಿಳಿ ಮರ ಕಾಣುತ್ತಿತ್ತು. ಮಾವ ಅದನ್ನು ಬಿಸಿಲಿಗೆ ಹಿಡಿದು ಉಗುರಾಡಿಸಿ, "ನಡುವಷ್ಟ ಅಲ್ರಿ, ಬುಡಕ್ಕೂ ಹಲ್ಲ ಹಾಕ್ಯಾನ" ಎಂದು ವರದಿ ಕೊಟ್ಟರು.

"ಮುಗೀತು. ಬೀಗರ ಮುಂದ ಮಾನ ಹೋತು" ಎಂದು ಅತ್ತೆ ಹಣೆ ಗಟ್ಟಿಸಿಕೊಂಡರು. "ಅಳಿಯಾರಿಗೆ ಅವರಪ್ಪ ಕೊಟ್ಟ ಸಾಮಾನ ಅದು. ಹಬ್ಬಕ್ಕ ಬಂದು ನೋಡಿದ್ರ ಏನಂದಾರು? ಮಗನ ಸಾಮಾನ ನಾಯಿ ಬಾಯಿಗೆ ಕೊಟ್ಟು ಕುಂತಾರ ಅಂದಾರು!"

ನಮ್ಮ ಮೊದಲ ದೀಪಾವಳಿ ಹತ್ತಿರದಲ್ಲಿತ್ತು. ಅಳಿಯನನ್ನು ಕೂರಿಸಿ ಎಣ್ಣೆ ಹಚ್ಚಿ ಆರತಿ ಎತ್ತುವ ಹಬ್ಬಕ್ಕೆ ಬೀಗರನ್ನೂ ಕರೆಯುವುದು ರೂಢಿ. ಅಮ್ಮ ನನ್ನ ಅಕ್ಕನ ಬಾಣಂತನದಲ್ಲಿದ್ದುದರಿಂದ ಅಪ್ಪ ಒಬ್ಬರೇ ಬರುವವರಿದ್ದರು. "ಅತ್ತೆ, ನಮ್ಮಪ್ಪ ಏನೂ ಅಂದ್ಕೊಳ್ಳಲ್ಲ, ಬಿಡಿ" ಎಂದೆ.

"ನೀವು ಸುಮ್ಮನಿರ್ರಿ ಅಳಿಯಾರ, ಇದು ಬೀಗತನದ ಮಾತು" ಎಂದು ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಮಾವನಿಗೆ ತೀರ್ಪು ಕೊಟ್ಟರು. "ಬೀಗರು ಬರೂದ್ರಾಗ ಅದು ಹೆಂಗಿತ್ತು ಹಂಗ ಆಗಬೇಕು. ಆಗಲಿಲ್ಲಂದ್ರ ಈ ನಾಯಿ ಮಸ್ಕ್ಯಾಗ ನಮ್ಮಣ್ಣನ ಹೊಲಕ್ಕ ಹೋಗತೈತಿ. ನಂದು ಇಷ್ಟ ಮಾತು."

"ಅಲ್ಲಿ ಹೊಲದ ನಾಯಿ ಇದನ್ನ ಮೊಲ ಅಂತ ತಿಳದು ಹಿಡೀತಾವ!" ಎಂದರು ಮಾವ. ಅತ್ತೆ ಒಮ್ಮೆ ಅಂದರೆ ಅಂದ ಹಾಗೇ. ಇದೇ ಮಾತಿನ ಬಲದಿಂದ ಅವರು ಮಾವನ ಬೀಡಿ ಬಿಡಿಸಿದ್ದರು, ಇಸ್ಪೀಟು ಬಿಡಿಸಿದ್ದರು. ಫೋರ್‌ಮನ್ ಮಾತ್ರ ಬಾಲ ಅಲ್ಲಾಡಿಸುತ್ತ ಇನ್ನೊಂದು ಸಲ ಬ್ರಷ್ ಕೊಡುತ್ತಾರೇನೋ ಎಂದು ಎಲ್ಲರ ಮುಖ ನೋಡುತ್ತಿತ್ತು. ಅವತ್ತು ಮಾವ ಊಟದಲ್ಲಿ ರೊಟ್ಟಿಗೆ ಉಗುರು ಹಾಕಲಿಲ್ಲ. ನನಗೆ ನಿಜವಾಗಿಯೂ ಕೆಡುಕೆನಿಸಿತು.

ಆದರೆ ಮರುದಿನಕ್ಕೆ ಅವರು ಚೇತರಿಸಿಕೊಂಡಿದ್ದರು. "ಚಿಂತಿ ಮಾಡಬ್ಯಾಡ್ರಿ ಅಳಿಯಾರ. ಸರ್ವಿಸ್‌ನ್ಯಾಗ ನಾ ಪಾಸ್ ಮಾಡಿದ್ದ ಒಂದ ಪೀಸೂ ವಾಪಸ್ ಬಂದಿಲ್ಲ" ಎಂದು ಹೇಳಿ, ನಲ್ಲಿ ಸೋರಿದರೆ ಮೆತ್ತುವ ಪುಟ್ಟಿ ತಂದು ತೂತುಗಳಿಗೆಲ್ಲ ತುಂಬಿದರು. ಕೆಂಪು ಹಿಡಿಯ ಮೇಲೆ ಬೂದು ಬಣ್ಣದ ತೇಪೆಗಳು ಎದ್ದು ಕಂಡವು. ಅದರ ಮೇಲೆ ಬಣ್ಣ ಬೇಕಲ್ಲ? ಸನತ್‌ನಗರದ ಅಂಗಡಿಗಳಲ್ಲಿ ಕೆಂಪು ಇರಲಿಲ್ಲವೆಂದಲ್ಲ. ಒಂದು ಗ್ಯಾಸ್ ಸಿಲಿಂಡರಿನ ಕೆಂಪು, ಒಂದು ಬಸ್ಸಿನ ಕೆಂಪು, ಇನ್ನೊಂದು ಬೆಂಕಿ ಆರಿಸುವ ಬಕೆಟ್ಟಿನ ಕೆಂಪು. ಚನ್ನಪಟ್ಟಣದ ಕೆಂಪು ಎಲ್ಲೂ ಇಲ್ಲ. ಕೊನೆಗೆ ಮಾವನ ಕಣ್ಣು ಮಗಳ ಉಗುರಿನ ಮೇಲೆ ಬಿತ್ತು. ಸವಿತಾಳ ಮದುವೆಯ ನೇಲ್ ಪಾಲಿಶ್ ಹೆಚ್ಚುಕಡಿಮೆ ಅದೇ ಬಣ್ಣ. ಅವಳು ಬಾಟಲಿ ಕೊಡುವಾಗ, "ಅಪ್ಪಾ, ನನಗೂ ಒಂದ ಬೆರಳಿಗಾಗೂವಷ್ಟು ಉಳಸು" ಎಂದಳು. ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಪರೀಕ್ಷೆಗೆಂದು ಆ ಬ್ರಷ್ಷಿನಲ್ಲೇ ಶೇವ್ ಮಾಡಿಕೊಂಡೆ. ಬಿಸಿನೀರು ತಾಗಿ ನೇಲ್ ಪಾಲಿಶ್ ಚಕ್ಕೆ ಚಕ್ಕೆಯಾಗಿ ಎದ್ದು ಬಂದದ್ದು ಅವಸರದಲ್ಲಿ ಗೊತ್ತಾಗಲಿಲ್ಲ. ಕಂಪನಿಯ ಕ್ಯಾಬು ಹತ್ತಿದರೆ ಡ್ರೈವರ್ ಕನ್ನಡಿಯಲ್ಲಿ ನನ್ನ ಕೆನ್ನೆ ನೋಡಿ, "ಏಮೈಂದಿ ಸಾರ್, ರಕ್ತಮಾ?" ಎಂದು ಬ್ರೇಕು ಹಾಕಿದ. ಪಕ್ಕದಲ್ಲಿ ಕೂತಿದ್ದ ಮಂಗಳೂರಿನ ಹುಡುಗ ಚಕ್ಕೆಯೊಂದನ್ನು ಬೆರಳಲ್ಲಿ ಎತ್ತಿ ನೋಡಿ, "ರಕ್ತ ಅಲ್ಲ ಮಾರಾಯ್ರೆ, ಇದು ಹೆಂಗಸರ ಉಗುರಿನ ಬಣ್ಣ" ಎಂದು ಇಡೀ ಕ್ಯಾಬಿಗೆ ಸಾರಿದ. ನಿನ್ನೆ ಮೊನ್ನೆ ಮದುವೆಯಾದವನ ಕೆನ್ನೆಯ ಮೇಲೆ ಅದು ಹೇಗೆ ಬಂತು ಎಂಬುದಕ್ಕೆ ಅವರೆಲ್ಲ ಸೇರಿ ಹೊಸೆದ ಕಥೆಗಳನ್ನು ಇಲ್ಲಿ ಬರೆಯುವಂತಿಲ್ಲ.

ಹಬ್ಬ ಇನ್ನಷ್ಟು ಹತ್ತಿರ ಬಂತು. ಮಾವ ಸ್ಕೂಟರಿನಲ್ಲಿ ಫೋರ್‌ಮನ್ ಒಬ್ಬನನ್ನೇ ಕೂರಿಸಿಕೊಂಡು ಸುತ್ತಾಡಿಸುವುದು ಜಾಸ್ತಿಯಾಯಿತು. ಊರು ಬಿಟ್ಟು ಹೋಗುವವರನ್ನು ಹೀಗೆ ಸುತ್ತಾಡಿಸುತ್ತಾರಲ್ಲ, ಹಾಗೆ. ಕೊನೆಗೆ ದಾರಿ ತೋರಿಸಿದವಳು ಸವಿತಾ. ಹಬ್ಬಕ್ಕೆಂದು ಹಳೆಯ ಬಳೆಗಳನ್ನು ತೆಗೆದು ಒರೆಸುತ್ತಿದ್ದವಳು ಒಂದನ್ನು ಎತ್ತಿ ಹಿಡಿದು, "ಅಪ್ಪಾ, ಇದೂ ಅರಗ ಅಲ್ಲೇನು?" ಎಂದಳು. ಲಾಡ್ ಬಜಾರಿನ ಅರಗಿನ ಬಳೆ! ಚಾರ್ಮಿನಾರಿನ ಬುಡದಲ್ಲಿ ಗಲ್ಲಿಗೆ ಗಲ್ಲಿಯೇ ಅರಗು ಕಾಯಿಸುತ್ತ ಕೂತಿರುವಾಗ ನಾವು ಪೈಪಿನ ಪುಟ್ಟಿ ಮೆತ್ತುತ್ತಿದ್ದೆವು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಅನ್ನುವುದು ನಮ್ಮಂಥವರನ್ನು ಕಂಡೇ.

ಭಾನುವಾರ ಮಾವ, ನಾನು, ಸ್ಕೂಟರಿನ ಮುಂದೆ ಕಿವಿ ಹಾರಿಸುತ್ತ ನಿಂತ ಆರೋಪಿ, ಮೂವರೂ ಲಾಡ್ ಬಜಾರಿಗೆ ಹೋದೆವು. ಅಲ್ಲಿ ಇದ್ದಿಲ ಒಲೆಯ ಮುಂದೆ, ಮದರಂಗಿ ಹಚ್ಚಿ ಕೆಂಪಾಗಿಸಿದ ಉದ್ದ ಗಡ್ಡದ ಬಳೆಗಾರರೊಬ್ಬರು ಅರಗನ್ನು ಹೊಸೆಯುತ್ತ ಕೂತಿದ್ದರು. ಮಾವ ಬ್ರಷ್ ಮುಂದೆ ಇಟ್ಟರು. ಅವರು ಅದನ್ನು ನೋಡಿದರು, ತಮ್ಮ ಗಡ್ಡ ನೀವಿಕೊಂಡರು, "ಹಮಾರೆ ಪಾಸ್ ಶಾದಿ ಕೇ ಜೋಡೇ ಆತೇ ಸಾಬ್, ದಾಡಿ ಕಾ ಬುರುಶ್ ಪೆಹಲೀ ಬಾರ್ ಆಯಾ" ಎಂದು ನಕ್ಕರು. ನಮ್ಮಲ್ಲಿಗೆ ಮದುವೆಯ ಬಳೆಗೆ ಬರುತ್ತಾರೆ, ಗಡ್ಡದ ಬ್ರಷ್ ಬಂದದ್ದು ಇದೇ ಮೊದಲು ಅಂತ. ಆಮೇಲೆ ತೂತುಗಳನ್ನು ನೋಡಿ, "ಕಿಸ್‌ಕೇ ದಾಂತಾಂ ಹೈಂ ಯೇ?" ಎಂದು ಹಲ್ಲಿನ ಒಡೆಯನನ್ನು ವಿಚಾರಿಸಿದರು. ಮಾವ ನಾಚಿಕೆಯಿಂದ ಸ್ಕೂಟರಿನ ಕಡೆ ಕೈ ತೋರಿಸಿದರು. ಬಳೆಗಾರರು ಫೋರ್‌ಮನ್ನಿಗೆ ಸಲಾಮು ಹೊಡೆದು ಕೆಲಸಕ್ಕೆ ಕೂತರು.

ಎಂಥ ಕೈ ಅಂತೀರಿ! ಪುಟ್ಟಿಯನ್ನೆಲ್ಲ ಕೆರೆದು ತೆಗೆದು, ಬಣ್ಣ ಬಣ್ಣದ ಅರಗಿನ ಕಡ್ಡಿಗಳನ್ನು ಹಿಡಿಯ ಪಕ್ಕಕ್ಕಿಟ್ಟು ಹೋಲಿಸಿ, ಎರಡು ಕೆಂಪನ್ನು ಬೆರೆಸಿ ಅದೇ ಕೆಂಪು ತಂದುಬಿಟ್ಟರು. ತೂತುಗಳು ಒಂದೊಂದಾಗಿ ಮುಚ್ಚಿಹೋದವು. ಮಾವ ನೆಮ್ಮದಿಯ ಉಸಿರು ಬಿಟ್ಟು ಫೋರ್‌ಮನ್ನಿಗೆ ಬಿಸ್ಕತ್ತು ಕೊಡಿಸಲು ಅತ್ತ ಹೋದರು. ನಾನು ಚಹಾ ಹೇಳಲು ಇತ್ತ ತಿರುಗಿದೆ. ಬಂದು ನೋಡಿದರೆ ಬ್ರಷ್ಷಿನ ಸೊಂಟಕ್ಕೆ ಮಿಣಮಿಣ ಹೊಳೆಯುವ ಬಿಳಿಯ ಹರಳಿನ ಸಾಲು! ಬೋಳಾಗಿ ಕಳಿಸಲು ಆ ಮಹಾನುಭಾವರಿಗೆ ಮನಸ್ಸು ಬರಲಿಲ್ಲವಂತೆ. ಶೇವಿಂಗ್ ಬ್ರಷ್ ಮದುಮಗಳ ಹಾಗೆ ಕಂಗೊಳಿಸುತ್ತಿತ್ತು. "ತೆಗೀರಿ, ತೆಗೀರಿ, ನಿಕಾಲೋ!" ಎಂದು ಮಾವ ಎರಡು ಭಾಷೆಯಲ್ಲಿ ಬೊಬ್ಬೆ ಹಾಕಿದರು. ಹರಳು ಬಿಡಿಸಿದ ಕಡೆ ಮತ್ತೆ ಕುಳಿ, ಕುಳಿಗೆ ಮತ್ತೆ ಅರಗು. ಇಷ್ಟಕ್ಕೂ ಅದು ನನಗೆ ಚೆನ್ನಾಗಿಯೇ ಕಂಡಿತ್ತು, ಬಾಯಿ ಬಿಡಲಿಲ್ಲ ಅಷ್ಟೇ.

ಮನೆಗೆ ಬಂದ ಮೇಲೆ ಅಂತಿಮ ತಪಾಸಣೆ ಮಾವನದು. ಬಟ್ಟೆಯಲ್ಲಿ ಉಜ್ಜುವುದು, ಉಗುರಾಡಿಸುವುದು. ಎಲ್ಲೋ ಒಂದಿಷ್ಟು ತಡೆಯಿತು ಎಂದರೆ ಅಲ್ಲಿಗೆ ಬಳೆಗಾರರು ಕೊಟ್ಟ ಕಡ್ಡಿಯಿಂದ ಇನ್ನೊಂದು ತೊಟ್ಟು ಅರಗು, ಮತ್ತೆ ಉಜ್ಜುವುದು. ನಡುವಿಗೂ ಆಯಿತು, ಬುಡಕ್ಕೂ ಆಯಿತು. ಕೊನೆಗೊಮ್ಮೆ ಉಗುರು ತುದಿಯಿಂದ ಬುಡದವರೆಗೆ ಜಾರಿ ಹೋಯಿತು. "ಪಾಸ್!" ಎಂದು ಮಾವ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಅತ್ತೆ ತಿರುಗಿಸಿ ಮುರುಗಿಸಿ ನೋಡಿ, "ಬೀಗರು ನೋಡಿ ಒಂದ ಮಾತೂ ಅನ್ನದ ಹೋದ್ರ ನಾಯಿ ಉಳೀತು" ಎಂದು ಅರ್ಧ ಮಂಜೂರಾತಿ ಕೊಟ್ಟರು.

ನೀರು ತುಂಬುವ ಹಬ್ಬದ ಬೆಳಿಗ್ಗೆ ಅಪ್ಪ ರೈಲಿಳಿದು ಬಂದರು. ಕೈಕಾಲು ತೊಳೆದರು, ಕಾಫಿ ಕುಡಿದರು, ಬೀಗರಿಬ್ಬರೂ ರೈಲು, ಮಳೆ, ಬೆನ್ನುನೋವು ಎಲ್ಲ ಮಾತಾಡಿ ಮುಗಿಸಿದರು. ಇನ್ನೇನು ಗಂಡಾಂತರ ಕಳೆಯಿತು ಅಂದುಕೊಳ್ಳುವಷ್ಟರಲ್ಲಿ ಅಪ್ಪ ಗದ್ದ ಕೆರೆದುಕೊಂಡು, "ಲೋ, ಶೇವಿಂಗ್ ಸಾಮಾನು ಮರೆತು ಬಂದೆ ಕಣೋ. ನಿಂದೇ ಕೊಡು" ಎಂದರು.

ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಸವಿತಾ ಫೋರ್‌ಮನ್ನನ್ನು ಎತ್ತಿಕೊಂಡು ಅದರ ಬಾಯಿ ಮುಚ್ಚಿ ಹಿಡಿದಳು, ಅದೇ ಎಲ್ಲಿ ಒಪ್ಪಿಕೊಂಡುಬಿಡುತ್ತದೋ ಎನ್ನುವ ಹಾಗೆ. ನಾನು ಅಂಗಳದಲ್ಲಿ ಕನ್ನಡಿ ತಗುಲಿಸಿ, ಬಿಸಿನೀರಿಟ್ಟು, ಬ್ರಷ್ ಕೊಟ್ಟೆ.

ಅಪ್ಪ ಬ್ರಷ್ಷನ್ನು ನೀರಿನಲ್ಲಿ ಅದ್ದಿದರು. ಹಿಡಿಯ ಬುಡವನ್ನು ಹೆಬ್ಬೆರಳಿನಿಂದ ಸವರಿದರು. ಬ್ರಷ್ ತಿರುಗಿಸಿ ಇನ್ನೊಂದು ಕಡೆ ಸವರಿದರು. ಸೋಪು ಮುಟ್ಟಲೇ ಇಲ್ಲ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ಹೆಬ್ಬೆರಳು ಆಡಿಸಿದರು. ಪಕ್ಕದಲ್ಲಿ ನಿಂತ ನಮ್ಮ ಮಾವನ ಸ್ಥಿತಿ ಏನಾಗಿರಬೇಡ! ಇಡೀ ಆಯುಷ್ಯ ಉಗುರಾಡಿಸಿದ ಮನುಷ್ಯನ ಕಣ್ಣೆದುರು ಇನ್ನೊಬ್ಬರು ಅವರದೇ ಕೆಲಸದ ಮೇಲೆ ಬೆರಳಾಡಿಸುತ್ತಿದ್ದಾರೆ. ಭಯ ಒಂದು ಕಡೆ, ಅಭಿಮಾನ ಒಂದು ಕಡೆ. ಅಭಿಮಾನವೇ ಗೆದ್ದಿತು.

"ಉಗುರ ಹಾಕಿ ನೋಡ್ರಿ ಬೀಗರ!" ಎಂದುಬಿಟ್ಟರು ಮಾವ. "ಎಲ್ಲೂ ತಡಿಯಂಗಿಲ್ಲ!"

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಅದೇ ಕಣ್ರೀ ಬೀಗರೇ" ಎಂದರು ಅಪ್ಪ ಮೆಲ್ಲಗೆ. "ಎಲ್ಲೂ ತಡೀತಾ ಇಲ್ಲ. ಎಲ್ಲಿ ಹೋಯ್ತು?"

"ಏನ್ರಿ ಹೋಗಿದ್ದು?"

"ಇವನ ಹಲ್ಲು."

ಆಮೇಲೆ ಅಪ್ಪ ನನ್ನ ಜೀವಮಾನದಲ್ಲಿ ನಾನು ಅವರಿಂದ ಕೇಳಿದ ಅತಿ ಉದ್ದದ ಮಾತನ್ನು ಆಡಿದರು. "ಇವನಿಗೆ ಹಲ್ಲು ಬರ್ತಾ ಇತ್ತು. ವಸಡು ಕಡಿತ ಅಂತ ಒಂದೇ ಸಮ ಅಳೋನು. ಬೆಳಿಗ್ಗೆ ಇವರಮ್ಮನಿಗೆ ಅಡುಗೆ ಆಗಬೇಕಲ್ಲ, ತಂದು ನನ್ನ ತೊಡೆ ಮೇಲೆ ಕೂರಿಸಿ ಹೋಗೋಳು. ನಾನು ಒಂದು ಕೆನ್ನೆಗೆ ನೊರೆ ಹಚ್ಕೊಂಡು ಮುಗಿಸೋದು, ಬ್ರಷ್ಷಿನ ಹಿಡಿ ಇವನ ಬಾಯಿಗೆ ಕೊಡೋದು. ಕಚ್ಕೊಂಡು ಸುಮ್ಮನಾಗೋನು. ಆಗ ಇನ್ನೊಂದು ಕೆನ್ನೆ. ಬುಡದಲ್ಲಿ ಪುಟ್ಟ ಪುಟ್ಟ ಗುರುತು ಬಿದ್ದಿತ್ತು. ಇವನು ದೊಡ್ಡೋನಾದ, ಕಾಲೇಜಿಗೆ ಹೋದ. ನನ್ನ ಹೆಬ್ಬೆರಳು ದಿನಾ ಬೆಳಿಗ್ಗೆ ತಾನಾಗೇ ಅಲ್ಲಿಗೆ ಹೋಗೋದು. ಇವನಿಗೆ ಕೊಟ್ಟ ಮೇಲೆ ಹೊಸ ಬ್ರಷ್ ತಗೊಂಡೆ. ಏನೂ ಸಿಕ್ಕಲ್ಲ ಕಣ್ರೀ ಅದರಲ್ಲಿ ಕೈಗೆ. ನಿಜ ಹೇಳ್ಲಾ? ನಾನು ಸಾಮಾನು ಮರೆತು ಬಂದಿಲ್ಲ, ಚೀಲದಲ್ಲೇ ಇದೆ. ಇದರಲ್ಲಿ ಒಂದ್ಸಲ ಮಾಡ್ಕೋಬೇಕು ಅನ್ನಿಸ್ತು, ಅಷ್ಟೇ."

ಆ ಬುಡದ ಒರಟನ್ನು ನಾನು ದಿನವೂ ಮುಟ್ಟುತ್ತಿದ್ದೆ. ಹಳೆಯ ಸಾಮಾನು, ಎಲ್ಲೋ ಬಿದ್ದು ಜಜ್ಜಿರಬೇಕು ಅಂದುಕೊಂಡಿದ್ದೆ. ಅದು ನಾನೇ ಎಂದು ನನಗೆ ಯಾರು ಹೇಳಬೇಕು!

ಮಾವ ಅಲ್ಲೇ ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತರು. "ಅಯ್ಯಯ್ಯೋ, ತಪ್ಪಾತ್ರಿ ಬೀಗರ. ನಾಯಿ ಕಡದೈತಿ ಅಂತ ತಿಳದು ನಿಮ್ಮ ಮಗನ ಹಲ್ಲು ನಾನ ಅಳಿಸಿಬಿಟ್ಟೆ" ಎಂದವರು, ಪುಟ್ಟಿ, ನೇಲ್ ಪಾಲಿಶ್, ಲಾಡ್ ಬಜಾರು, ಹರಳು, ಮಸ್ಕಿಯ ಹೊಲ, ಒಂದನ್ನೂ ಬಿಡದೆ ಹೇಳಿದರು. "ಇನ್ನ ನಾಯಿನ್ನ ಕಳಸೂದ" ಎನ್ನುವಾಗ ಅವರ ಕಣ್ಣಲ್ಲಿ ನೀರು ನಿಂತಿತ್ತು.

ಅಪ್ಪ ಕೇಳುತ್ತ ಕೇಳುತ್ತ ಮೊದಲು ಮೀಸೆಯಲ್ಲಿ ನಕ್ಕರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲ್ಲಿ ಆ ಮಹಾಶಯ?" ಎಂದರು. ಸವಿತಾ ಕೈ ಸಡಿಲ ಮಾಡಿದ್ದೇ ತಡ, ಫೋರ್‌ಮನ್ ಹಾರಿ ಬಂದು ಬ್ರಷ್ಷಿನ ವಾಸನೆ ಹಿಡಿದು ಅಪ್ಪನ ಕೈ ನೆಕ್ಕತೊಡಗಿತು. ಅಪ್ಪ ಅತ್ತೆಯ ಕಡೆ ತಿರುಗಿ, "ತಾಯೀ, ಈ ಹಿಡಿ ಕಚ್ಚಿದವರು ಮನೆ ಬಿಡಬೇಕು ಅನ್ನೋದಾದ್ರೆ ಮೊದಲು ಹೊರಡಬೇಕಾದವನು ನಿಮ್ಮ ಅಳಿಯ. ನಾಯಿ ಆಮೇಲಿಂದು. ಮಸ್ಕಿಗೆ ಇಬ್ಬರಿಗೂ ಟಿಕೆಟ್ ಮಾಡಿಸೋಣ್ವಾ?" ಎಂದರು.

"ಅಳಿಯಾರು ಹೋದ್ರ ಎಣ್ಣಿ ಯಾರಿಗೆ ಹಚ್ಚೂದ್ರಿ" ಎಂದು ಅತ್ತೆ ನಗು ತಡೆಯಲಾರದೆ ಹೇಳಿದರು. "ಇರಲಿ ಬಿಡ್ರಿ, ಇಬ್ಬರೂ ಇಲ್ಲೇ ಬಿದ್ದಿರಲಿ." ಮಾವ ಫೋರ್‌ಮನ್ನನ್ನು ಎತ್ತಿ ಎದೆಗವಚಿಕೊಂಡರು. ಅಷ್ಟು ದಿನ ಹಿಡಿದಿಟ್ಟಿದ್ದ ಕಣ್ಣೀರು ಅದರ ಬಿಳಿ ಕೂದಲಿಗೆ ಇಳಿಯಿತು. ಮನೆ ಅಳಿಯನ ಸ್ಥಾನಮಾನ ಏನು ಎಂಬುದು ನನಗೂ ಅವತ್ತು ಸ್ಪಷ್ಟವಾಯಿತು, ಆದರೆ ಬೇಸರವೇನೂ ಆಗಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಾವ ಸೂಜಿಯೊಂದನ್ನು ಗ್ಯಾಸಿನ ಉರಿಗೆ ಹಿಡಿದು ಕಾಯಿಸಿ ತಂದು, "ತುಂಬಿದಾವ ನಾನ, ತೆಗೆಯಾವನೂ ನಾನ" ಎಂದು ಕೂತುಬಿಟ್ಟರು. ಅಪ್ಪ ಅರ್ಧ ಒದ್ದೆ ಗದ್ದದಲ್ಲೇ ಪಕ್ಕಕ್ಕೆ ಕೂತು ಬೆರಳು ತೋರಿಸಿದರು. ಸೂಜಿ ತಾಗಿ ಹೊಸ ಅರಗು ಮೆತ್ತಗಾಗಿ ಎದ್ದು ಬಂತು. ಮೊದಲು ಒಂದು ಪುಟ್ಟ ಗೀರು, ಅದರ ಪಕ್ಕ ಇನ್ನೊಂದು. "ಇದೇ! ಇದೇ!" ಎಂದು ಅಪ್ಪ ಕೂಗಿದರು. ಮಾವನಿಗೆ ಉಮೇದು ಹೆಚ್ಚಿತು, ಇನ್ನೂ ಮೇಲಕ್ಕೆ ಹೋದರು. ಅಲ್ಲೊಂದು ಕುಳಿ ಸಿಕ್ಕಿತು. ಅದು ಯಾರದು ಎಂದು ಜಗಳ ಶುರುವಾಯಿತು.

"ಇದು ನಮ್ಮ ಅಳಿಯಾರದು. ನೋಡ್ರಿ, ಎಷ್ಟ ನಾಜೂಕ ಐತಿ" ಎಂದರು ಮಾವ.

"ಇಲ್ಲ ಬೀಗರೇ, ನಿಮ್ಮ ನಾಯೀದೇ ಇರಬೇಕು. ನನ್ನ ಮಗ ಇಷ್ಟು ಜೋರಾಗಿ ಕಚ್ತಿರಲಿಲ್ಲ" ಎಂದರು ಅಪ್ಪ.

ಬೀಗರ ಮರ್ಯಾದೆ ನೋಡಿ, ಒಳ್ಳೆಯ ಗುರುತನ್ನೆಲ್ಲ ಒಬ್ಬರು ಇನ್ನೊಬ್ಬರ ಕಡೆಗೆ ದಾಟಿಸುತ್ತಿದ್ದರು. ತೀರ್ಮಾನವಾಗದೆ ನನ್ನನ್ನು ಕರೆದು "ಬಾಯಿ ತೆಗಿ" ಎಂದರು. ಹಾಲುಹಲ್ಲು ಎಂದೋ ಬಿದ್ದುಹೋದವು ಎಂದರೆ ಕೇಳುವವರಾರು? ಒಂದು ಕಡೆ ನಾನು, ಇನ್ನೊಂದು ಕಡೆ ಫೋರ್‌ಮನ್, ಇಬ್ಬರೂ ಅಂಗಳದಲ್ಲಿ ಬಾಯಿ ತೆರೆದು ನಿಂತೆವು. ಇಬ್ಬರು ಮುದುಕರು ಬ್ರಷ್ ಹಿಡಿದು ಇತ್ತ ಒಮ್ಮೆ, ಅತ್ತ ಒಮ್ಮೆ ಬಗ್ಗಿ ನೋಡಿದರು. ಸವಿತಾ ನಕ್ಕೂ ನಕ್ಕೂ ಕಂಬಕ್ಕೆ ಒರಗಿದ್ದಳು. ಕೊನೆಗೆ ಬೇರೆ ಮಾಡುವುದು ಆಗದ ಮಾತೆಂದು ಒಪ್ಪಿ, ಎಲ್ಲ ಗುರುತನ್ನೂ ಬಿಡಿಸಿ ಹಾಗೇ ಉಳಿಸುವುದೆಂದು ಗೊತ್ತಾಯಿತು.

ಅಪ್ಪ ಅವತ್ತು ಅದೇ ಬ್ರಷ್ಷಿನಲ್ಲಿ ಶೇವ್ ಮಾಡಿಕೊಂಡರು. ನಿಧಾನವಾಗಿ, ಹೆಬ್ಬೆರಳು ಬುಡದ ಮೇಲಿಟ್ಟು. ಮುಗಿದ ಮೇಲೆ ನಾನು, "ಅಪ್ಪಾ, ಇದನ್ನ ನೀವೇ ತಗೊಂಡು ಹೋಗಿ" ಎಂದೆ. ಅಪ್ಪ ಬ್ರಷ್ ಕೊಡವಿ, ಒರೆಸಿ, ಹಿಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಬೇಡ ಕಣೋ" ಎಂದು ನನ್ನ ಕೈಗಿಟ್ಟರು. "ನೋಡು, ಈ ಪಕ್ಕ ಇನ್ನೂ ಖಾಲಿ ಇದೆ."

ಸವಿತಾ ಕಂಬ ಬಿಟ್ಟು ಒಳಗೆ ಓಡಿದಳು.

ಆ ಪಕ್ಕ ಬಹಳ ದಿನ ಖಾಲಿ ಉಳಿಯಲಿಲ್ಲ. ಮಗಳಿಗೆ ಹಲ್ಲು ಬರುವಾಗ ಅವಳೂ ಒಂದೇ ಸಮ ಅಳುತ್ತಿದ್ದಳು. ನಾನು ಒಂದು ಕೆನ್ನೆ ಮುಗಿಸಿ ಅವಳ ಬಾಯಿಗೆ ಹಿಡಿ ಕೊಡುತ್ತಿದ್ದೆ, ಅವಳು ಕಚ್ಚಿಕೊಂಡು ಸುಮ್ಮನಾದ ಮೇಲೆ ಇನ್ನೊಂದು ಕೆನ್ನೆ.